ಶ್ರೀ ವಿಜಯ ಪುರಂ (ಪೋರ್ಟ್ ಬ್ಲೇರ್) ಪ್ರವಾಸ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಿಂದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ರಾಜಧಾನಿಗೆ ಪ್ರವಾಸ ಕೈಗೊಳ್ಳಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಈ ಪ್ರವಾಸಕ್ಕೆ ಅಗತ್ಯವಿರುವ ಸರ್ಕಾರಿ ಕಾಗದಪತ್ರಗಳು ಬಹಳ ಕಡಿಮೆ. ಆದರೆ ಆ ಕೆಲವೇ ಪತ್ರಗಳಲ್ಲಿ ಹೆಸರಿನ ವ್ಯತ್ಯಾಸವಿರುವುದು, ಮತ್ತು ಮಳೆ ಗಾಳಿಗೆ ಅವಕಾಶವಿಡದೆ ದಿನಗಳನ್ನು ಗೊತ್ತುಪಡಿಸುವುದು, ಇವೆರಡೇ ಇಡೀ ಪ್ರವಾಸ ಕೆಡಲು ಸಾಕಾಗುತ್ತವೆ. ಆದ್ದರಿಂದ ಟಿಕೆಟಿಗೆ ಹಣ ಪಾವತಿಸುವ ಮುನ್ನವೇ ಈ ಪುಟವನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

ಊರಿನ ಹೆಸರು

1789ರಲ್ಲಿ ಈ ದ್ವೀಪಗಳ ಸಮೀಕ್ಷೆ ನಡೆಸಿದ ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿಯ ಹೆಸರಿನಿಂದ ಪೋರ್ಟ್ ಬ್ಲೇರ್ ಎಂದು ಕರೆಯಲ್ಪಡುತ್ತಿದ್ದ ನಗರವನ್ನು ಶ್ರೀ ವಿಜಯ ಪುರಂ ಎಂದು ಮರುನಾಮಕರಣ ಮಾಡುವ ನಿರ್ಧಾರವನ್ನು ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 13ರಂದು ಪ್ರಕಟಿಸಿತು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾದ ನಂತರವೂ ಹಳೆಯ ಹೆಸರು ಬಹುಕಾಲ ಬಳಕೆಯಲ್ಲಿ ಉಳಿದಂತೆ, ಇಲ್ಲಿಯೂ ಎರಡೂ ಹೆಸರುಗಳು ಕಂಡುಬರುತ್ತವೆ. ವಿಮಾನ ನಿಲ್ದಾಣದ ಸಂಕೇತಾಕ್ಷರಗಳು ಮಾತ್ರ ಹಿಂದಿನಂತೆಯೇ ಐಎಕ್ಸ್‌ಝಡ್ ಆಗಿವೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದ ಸಂಕೇತ ಐಎಕ್ಸ್‌ಜಿ. ಕಡೆಯ ಒಂದಕ್ಷರದ ಅಂತರವಷ್ಟೇ ಇರುವುದರಿಂದ ಟಿಕೆಟ್ ಕಾಯ್ದಿರಿಸುವಾಗ ಎಚ್ಚರ ವಹಿಸಬೇಕು. ಅಥಣಿಯ ನೆರೆಯಲ್ಲಿಯೇ ವಿಜಯಪುರ ಜಿಲ್ಲೆ ಇರುವುದರಿಂದ, ದೂರವಾಣಿಯಲ್ಲಿ ಏಜೆಂಟರೊಡನೆ ಮಾತನಾಡುವವರು ಅಂಡಮಾನಿನ ಶ್ರೀ ವಿಜಯ ಪುರಂ ಎಂದು ಸ್ಪಷ್ಟಪಡಿಸುವುದೂ ಒಳಿತು.

ರಾಜಧಾನಿಯ ಸುತ್ತಲಿನ ಮೂರು ದ್ವೀಪಗಳ ಹೆಸರುಗಳು 2018ರ ಡಿಸೆಂಬರ್ 30ರಂದು ಬದಲಾದವು. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ರಾಸ್ ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. 1943ರ ಡಿಸೆಂಬರ್ 30ರಂದು ನೇತಾಜಿಯವರು ಈ ನಗರದಲ್ಲಿ ಧ್ವಜಾರೋಹಣ ಮಾಡಿದ್ದರ 75ನೇ ವರ್ಷದ ಸಂದರ್ಭ ಅದಾಗಿತ್ತು. ಪ್ರವಾಸದ ಪಟ್ಟಿಯಲ್ಲಿ ಹ್ಯಾವ್‌ಲಾಕ್ ಮತ್ತು ಸ್ವರಾಜ್ ದ್ವೀಪ ಎಂದು ಎರಡು ಬೇರೆ ಬೇರೆ ಸ್ಥಳಗಳಾಗಿ ನಮೂದಿಸಿ ಹಣ ಕೇಳಿದಲ್ಲಿ, ಎರಡೂ ಒಂದೇ ಸ್ಥಳವೆಂಬುದು ನಾಗರಿಕರಿಗೆ ತಿಳಿದಿರಬೇಕು.

ಅನುಮತಿ ಪತ್ರ ಅಗತ್ಯವೇ?

ಭಾರತೀಯ ನಾಗರಿಕರು ಶ್ರೀ ವಿಜಯ ಪುರಂ ನಗರಕ್ಕೆ, ಸ್ವರಾಜ್ ದ್ವೀಪಕ್ಕೆ ಹಾಗೂ ಶಹೀದ್ ದ್ವೀಪಕ್ಕೆ ಹೋಗಲು ಪಾಸ್‌ಪೋರ್ಟ್ ಆಗಲಿ, ವೀಸಾ ಆಗಲಿ, ಪ್ರವೇಶ ಪರವಾನಗಿಯಾಗಲಿ ಬೇಕಾಗಿಲ್ಲ. ತಹಸೀಲ್ದಾರರ ಕಚೇರಿಯ ನಿರಾಕ್ಷೇಪಣಾ ಪತ್ರ ಅಥವಾ ಪೊಲೀಸ್ ಠಾಣೆಯ ನಡತೆ ಪ್ರಮಾಣ ಪತ್ರ ಸಹ ಬೇಕಾಗಿಲ್ಲ. ಇಂತಹ ಪತ್ರ ಕೊಡಿಸುವುದಾಗಿ ಹೇಳಿ ಯಾರಾದರೂ ಶುಲ್ಕ ಕೇಳಿದಲ್ಲಿ ಪಾವತಿಸತಕ್ಕದ್ದಲ್ಲ.

ಆದರೆ ಈ ಸ್ವಾತಂತ್ರ್ಯ ಎಲ್ಲ ದ್ವೀಪಗಳಿಗೂ ಅನ್ವಯಿಸುವುದಿಲ್ಲ. ಸಣ್ಣಪುಟ್ಟ ಬಂಡೆಗಳೂ ಸೇರಿ ಒಟ್ಟು 836 ದ್ವೀಪಗಳ ಪೈಕಿ ಜನವಸತಿ ಇರುವುದು ಸುಮಾರು 31ರಲ್ಲಿ. ನಿಕೋಬಾರ್ ದ್ವೀಪಗಳು ಬಹುತೇಕ ಬುಡಕಟ್ಟು ಮೀಸಲು ಪ್ರದೇಶವಾಗಿದ್ದು, ಪ್ರವಾಸಿಗರಿಗೆ ಅಲ್ಲಿ ಸಾಮಾನ್ಯ ಪ್ರವೇಶವಿಲ್ಲ. 1956ರ ಮೂಲನಿವಾಸಿ ಬುಡಕಟ್ಟುಗಳ ಸಂರಕ್ಷಣಾ ನಿಯಮಾವಳಿಯ ಪ್ರಕಾರ ಮೀಸಲು ಪ್ರದೇಶವನ್ನು ಪಾಸ್ ಇಲ್ಲದೆ ಪ್ರವೇಶಿಸುವುದು ಶಿಕ್ಷಾರ್ಹ ಅಪರಾಧ. 2012ರ ತಿದ್ದುಪಡಿಯಿಂದ ಶಿಕ್ಷೆ ಇನ್ನಷ್ಟು ಕಠಿಣವಾಗಿದೆ. ಉತ್ತರ ಸೆಂಟಿನೆಲ್ ದ್ವೀಪಕ್ಕೆ ಯಾರಿಗೂ ಪ್ರವೇಶವಿಲ್ಲ. 2018ರ ನವೆಂಬರ್‌ನಲ್ಲಿ ಅಲ್ಲಿಗೆ ಅಕ್ರಮವಾಗಿ ತೆರಳಿದ ಅಮೆರಿಕದ ಯುವಕನೊಬ್ಬ ಮೃತಪಟ್ಟನು. ಅವನನ್ನು ಹಣ ಪಡೆದು ಕರೆದೊಯ್ದ ಮೀನುಗಾರರು ಬಂಧಿತರಾದರು.

ಈ ನಿರ್ಬಂಧಗಳ ಹಿಂದಿನ ಕಾರಣವನ್ನು ತಿಳಿದವರು ಅವುಗಳನ್ನು ಕಿರುಕುಳವೆಂದು ಭಾವಿಸಲಾರರು. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತನ್ನು ಸ್ಥಾಪಿಸಿದಾಗ ಗ್ರೇಟ್ ಅಂಡಮಾನೀಸ್ ಜನರ ಸಂಖ್ಯೆ ಹಲವು ಸಾವಿರದಷ್ಟಿತ್ತು. ಹೊರಗಿನವರು ತಂದ ದಡಾರ ಮೊದಲಾದ ರೋಗಗಳಿಂದ ಕುಸಿಯುತ್ತಾ ಬಂದು 1961ರ ಜನಗಣತಿಯ ವೇಳೆಗೆ ಉಳಿದವರು 19 ಜನ. ಕೆಲವು ನೂರರಷ್ಟೇ ಇರುವ ಜಾರವಾ ಜನರು 1997-98ರಿಂದ ಹೊರಗಿನವರೊಡನೆ ಶಾಂತಿಯುತ ಸಂಪರ್ಕಕ್ಕೆ ಬಂದರು. 1999ರಲ್ಲಿಯೇ ಅವರಲ್ಲಿ ದಡಾರ ಹರಡಿತು. ಒಂದು ಕೆಮ್ಮು, ಒಂದು ಬಿಸ್ಕತ್ ಪೊಟ್ಟಣ ಸಹ ಇಲ್ಲಿ ಅಪಾಯದ ವಸ್ತುವೇ ಆಗಬಲ್ಲದು.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗಳನ್ನು ನೋಡಲು ಹೋಗುವವರು ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ಜಿರ್ಕಾಟಾಂಗ್ ಎಂಬಲ್ಲಿಂದ ಮುಂದೆ ಜಾರವಾ ಮೀಸಲು ಪ್ರದೇಶದ ಮೂಲಕ ಸಾಗಬೇಕಾಗುತ್ತದೆ. ನಿಗದಿತ ವೇಳೆಗಳಲ್ಲಿ ಮಾತ್ರ, ಪೊಲೀಸರ ಬೆಂಗಾವಲಿನಲ್ಲಿ, ವಾಹನಗಳು ಸಾಲಾಗಿ ಹೊರಡುತ್ತವೆ. ಮಾರ್ಗದಲ್ಲಿ ವಾಹನ ನಿಲ್ಲಿಸುವುದು, ಛಾಯಾಚಿತ್ರ ಅಥವಾ ಚಲನಚಿತ್ರ ತೆಗೆಯುವುದು, ಆಹಾರ ಪದಾರ್ಥ ಎಸೆಯುವುದು ನಿಷಿದ್ಧ. ‘ಜಾರವಾ ದರ್ಶನ’ ಮಾಡಿಸುವುದಾಗಿ ಹೇಳುವ ಪ್ರವಾಸ ಸಂಘಟಕರಿಂದ ದೂರವಿರುವುದು ಕಾನೂನಿನ ದೃಷ್ಟಿಯಿಂದಲೂ ಮನುಷ್ಯ ಮರ್ಯಾದೆಯ ದೃಷ್ಟಿಯಿಂದಲೂ ಅಗತ್ಯ.

ಗುರುತಿನ ದಾಖಲೆಗಳು

ವಿಮಾನ ನಿಲ್ದಾಣದ ಪ್ರವೇಶಕ್ಕೆ ಭಾವಚಿತ್ರವುಳ್ಳ ಗುರುತಿನ ಪತ್ರ ಕಡ್ಡಾಯ. ಆಧಾರ್, ಮತದಾರರ ಗುರುತಿನ ಚೀಟಿ, ವಾಹನ ಚಾಲನಾ ಪರವಾನಗಿ, ಪಾನ್ ಕಾರ್ಡ್, ಪಾಸ್‌ಪೋರ್ಟ್ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ನೆರಳಚ್ಚು ಪ್ರತಿಯನ್ನು ನಂಬಿ ಹೊರಡಬಾರದು. ಮೂಲ ಪತ್ರವನ್ನೇ ಒಯ್ಯಬೇಕು.

ಈ ಭಾಗದಲ್ಲಿ ವಿಶೇಷ ಗಮನ ಬೇಡುವ ವಿಷಯ ಹೆಸರಿನದು. ಗಡಿ ತಾಲ್ಲೂಕುಗಳಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಪದ್ಧತಿಗಳು ಬೆರೆತಿರುವುದರಿಂದ ಒಬ್ಬರದೇ ಹೆಸರು ಶಾಲಾ ದಾಖಲೆಯಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿಯೂ, ಪಡಿತರ ಚೀಟಿಯಲ್ಲಿ ಅಡ್ಡಹೆಸರು ಮೊದಲಾಗಿಯೂ, ಆಧಾರ್‌ನಲ್ಲಿ ಮತ್ತೊಂದು ಬಗೆಯಾಗಿಯೂ ಇರುವುದುಂಟು. ವಿವಾಹಿತ ಮಹಿಳೆಯರ ವಿಷಯದಲ್ಲಿ ಇದು ಇನ್ನೂ ಹೆಚ್ಚು: ಮನೆಯಲ್ಲಿ ಕರೆಯುವ ಹೆಸರು ಗಂಡನ ಮನೆಯದು, ಆಧಾರ್‌ನಲ್ಲಿರುವುದು ತವರಿನದು. ಟಿಕೆಟನ್ನು ಕಾಯ್ದಿರಿಸುವವರು ಸಾಮಾನ್ಯವಾಗಿ ಮಗನೋ ಅಳಿಯನೋ ಆಗಿರುವುದರಿಂದ, ತಮಗೆ ತಿಳಿದ ಹೆಸರನ್ನೇ ಬರೆದುಬಿಡುತ್ತಾರೆ. ಪ್ರಯಾಣಿಕರು ಯಾವ ಗುರುತಿನ ಪತ್ರವನ್ನು ಒಯ್ಯುವರೋ ಅದನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನೇ ಯಥಾವತ್ತಾಗಿ ನಮೂದಿಸತಕ್ಕದ್ದು. ವಿಮಾನದ ಟಿಕೆಟನ್ನು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಅವಕಾಶವಿರುವುದಿಲ್ಲ.

ಆಧಾರ್‌ನಲ್ಲಿನ ಹೆಸರನ್ನೇ ತಿದ್ದಿಸಬೇಕೆಂದಿರುವವರು ಆತುರಪಡಬಾರದು. ಹೆಸರಿನ ತಿದ್ದುಪಡಿಗೆ ಸಾಮಾನ್ಯವಾಗಿ ಜೀವಮಾನದಲ್ಲಿ ಎರಡು ಬಾರಿ, ಜನ್ಮ ದಿನಾಂಕದ ತಿದ್ದುಪಡಿಗೆ ಒಂದು ಬಾರಿ ಮಾತ್ರ ಅವಕಾಶವಿದೆ. ಒಂದು ಪ್ರವಾಸಕ್ಕಾಗಿ ಆ ಅವಕಾಶವನ್ನು ವ್ಯಯಿಸುವ ಬದಲು, ಇರುವ ಹೆಸರಿನಲ್ಲಿಯೇ ಟಿಕೆಟ್ ಪಡೆಯುವುದು ಜಾಣತನ. ಬೇರೆ ಉದ್ದೇಶಗಳಿಗೂ ತಿದ್ದುಪಡಿ ಬೇಕಾಗಿದ್ದಲ್ಲಿ ಪ್ರವಾಸಕ್ಕೆ ಕನಿಷ್ಠ ಎರಡು ತಿಂಗಳು ಮುಂಚಿತವಾಗಿ, ವಿವಾಹ ನೋಂದಣಿ ಪ್ರಮಾಣ ಪತ್ರ ಅಥವಾ ಇತರ ಮಾನ್ಯ ಆಧಾರದೊಂದಿಗೆ ಆಧಾರ್ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದು.

ವಿಳಾಸದ ಬಗ್ಗೆ ಚಿಂತೆ ಬೇಡ. ನಿಪ್ಪಾಣಿಯು ಹಿಂದೆ ಚಿಕ್ಕೋಡಿ ತಾಲ್ಲೂಕಿಗೂ, ಕಾಗವಾಡವು ಅಥಣಿ ತಾಲ್ಲೂಕಿಗೂ ಸೇರಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದವು. ಆಧಾರ್‌ನಲ್ಲಿ ಹಳೆಯ ತಾಲ್ಲೂಕಿನ ಹೆಸರಿದ್ದರೂ, ಬೆಳಗಾಂ ಎಂದೇ ಇದ್ದರೂ, ಪ್ರಯಾಣಕ್ಕೆ ಅಡ್ಡಿಯಿಲ್ಲ.

ಮಕ್ಕಳ ವಿಷಯ ಬೇರೆ. ಎರಡು ವರ್ಷದೊಳಗಿನ ಶಿಶುವಿಗೆ ರಿಯಾಯಿತಿ ದರದ ಟಿಕೆಟ್ ಪಡೆದಿದ್ದಲ್ಲಿ ವಯಸ್ಸಿನ ಪುರಾವೆ ತೋರಿಸಬೇಕಾಗುತ್ತದೆ. ಕಾಗವಾಡ, ನಿಪ್ಪಾಣಿ ಭಾಗದ ಅನೇಕ ಮಕ್ಕಳು ಮಿರಜ, ಸಾಂಗ್ಲಿ ಅಥವಾ ಕೊಲ್ಹಾಪುರದ ಆಸ್ಪತ್ರೆಗಳಲ್ಲಿ ಜನಿಸಿರುತ್ತಾರೆ. ಜನನ ಮರಣ ನೋಂದಣಿ ಅಧಿನಿಯಮ 1969ರಂತೆ ಜನನವು ಘಟಿಸಿದ ಸ್ಥಳದಲ್ಲಿಯೇ ನೋಂದಣಿಯಾಗುವುದರಿಂದ, ಇಂತಹ ಮಕ್ಕಳ ಪ್ರಮಾಣ ಪತ್ರವು ಸ್ವಗ್ರಾಮದ ಗ್ರಾಮ ಆಡಳಿತಾಧಿಕಾರಿಯ ಬಳಿ ಅಥವಾ ನಾಡಕಚೇರಿಯಲ್ಲಿ ದೊರೆಯುವುದಿಲ್ಲ. ಮಹಾರಾಷ್ಟ್ರದ ಸಂಬಂಧಪಟ್ಟ ಸ್ಥಳೀಯ ಸಂಸ್ಥೆಯಿಂದಲೇ ಪಡೆಯಬೇಕು. ಅಲ್ಲಿಂದ ಪಡೆದ ಪ್ರಮಾಣ ಪತ್ರ ದೇಶದಾದ್ಯಂತ ಮಾನ್ಯ. ಈ ಸಂಗತಿ ತಿಳಿಯದೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುವುದರಲ್ಲಿ ವಾರಗಳು ಕಳೆಯುವುದರಿಂದ ಇದನ್ನು ಇಲ್ಲಿ ಒತ್ತಿ ಹೇಳಲಾಗಿದೆ.

ಪ್ರವಾಸಕ್ಕೆ ಸೂಕ್ತ ಕಾಲ

ಈ ಐದು ತಾಲ್ಲೂಕುಗಳ ಬದುಕು ಕಬ್ಬಿನ ಹಂಗಾಮಿಗೆ ಹೊಂದಿಕೊಂಡಿದೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಕಾರ್ಖಾನೆಯಿಂದ ಹಿಡಿದು ಉಗಾರದವರೆಗೆ ಕಬ್ಬು ಅರೆಯುವುದು ನವೆಂಬರ್ ಸುಮಾರಿಗೆ ಆರಂಭವಾಗಿ ಫೆಬ್ರವರಿ, ಮಾರ್ಚ್‌ವರೆಗೂ ಸಾಗುತ್ತದೆ. ಆ ಅವಧಿಯಲ್ಲಿ ರೈತ ಕುಟುಂಬಗಳು ಊರು ಬಿಡುವುದು ಕಷ್ಟ. ಮಳೆಗಾಲದಲ್ಲಿ ಬಿಡುವು ಸಿಗಬಹುದಾದರೂ ಆಗ ದ್ವೀಪಗಳಿಗೆ ಹೋಗುವುದು ಹಿತಕರವಲ್ಲ.

ಶ್ರೀ ವಿಜಯ ಪುರಂನಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾಗುತ್ತದೆ. ಮಳೆ ಅಪರೂಪವಾದ ಅಥಣಿಯ ನಾಗರಿಕರಿಗೆ ಈ ಪ್ರಮಾಣವನ್ನು ಊಹಿಸುವುದೂ ಸುಲಭವಲ್ಲ. ನೈಋತ್ಯ ಮುಂಗಾರು ಕೇರಳಕ್ಕೆ ಜೂನ್ 1ರ ಸುಮಾರಿಗೆ ಬಂದರೆ, ಅಂಡಮಾನ್ ಸಮುದ್ರಕ್ಕೆ ಮೇ ತಿಂಗಳ ಮೂರನೇ ವಾರದ ಹೊತ್ತಿಗೇ ತಲುಪಿರುತ್ತದೆ. ಹಿಂಗಾರಿನ ಅವಧಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಡಿಸೆಂಬರ್‌ವರೆಗೂ ತೊಂದರೆ ಕೊಡುತ್ತವೆ. ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯೇ ಉತ್ತಮ. ಕಾರ್ಖಾನೆಗೆ ಕಬ್ಬು ಸಾಗಿಸಿ, ನಿಪ್ಪಾಣಿ ಭಾಗದಲ್ಲಿ ತಂಬಾಕಿನ ಕೆಲಸವನ್ನೂ ಮುಗಿಸಿದ ಕುಟುಂಬಗಳಿಗೆ, ಶಾಲೆಗೆ ಬೇಸಿಗೆ ರಜೆ ಬಿದ್ದ ನಂತರದ ಏಪ್ರಿಲ್ ಮಧ್ಯಭಾಗ ಹಾಗೂ ಮೇ ಮೊದಲ ವಾರ ಎಲ್ಲ ರೀತಿಯಿಂದಲೂ ಹೊಂದುತ್ತದೆ. ಸೆಕೆ ಇರುತ್ತದೆ, ಆದರೆ ಊರಿನ ಬೇಸಿಗೆಯನ್ನು ಕಂಡವರಿಗೆ ಅದು ಹೊಸದಲ್ಲ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಟಿಕೆಟ್ ಅಗ್ಗವಾಗಿ ದೊರೆಯಬಹುದು. ಆದರೆ ಆಗ ಹೊರಡುವ ಊರಿನಲ್ಲಿಯೇ ತೊಂದರೆ ಎದುರಾಗುತ್ತದೆ. ಮಹಾರಾಷ್ಟ್ರದ ಜಲಾನಯನ ಪ್ರದೇಶದಲ್ಲಿ ಮಳೆ ಹೆಚ್ಚಿದಾಗ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಕೆಳಮಟ್ಟದ ಸೇತುವೆಗಳು, ಅಂದರೆ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ ಮುಂತಾದವು, ಜಲಾವೃತವಾಗುವುದು ವಾಡಿಕೆ. 2019ರ ಆಗಸ್ಟ್ ಹಾಗೂ 2021ರ ಜುಲೈ ಪ್ರವಾಹಗಳಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿ ಬಳಿ ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು. ಆಗ ಬೆಂಗಳೂರಿನಿಂದ ಹೊರಡುವ ವಿಮಾನ ಇವರಿಗಾಗಿ ಕಾಯುವುದಿಲ್ಲ.

ಪ್ರಯಾಣ ಮಾರ್ಗ

ಬೆಂಗಳೂರು, ಚೆನ್ನೈ ಮತ್ತು ಕೊಲ್ಕತ್ತ ನಗರಗಳಿಂದ ವೀರ ಸಾವರ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ವಿಮಾನ ಸೇವೆ ಇದೆ. ಅದರ ಹೊಸ ಟರ್ಮಿನಲ್ 2023ರ ಜುಲೈ 18ರಂದು ಉದ್ಘಾಟನೆಗೊಂಡಿತು. ಬೆಂಗಳೂರಿನಿಂದ ಹಾರಾಟದ ಅವಧಿ ಸುಮಾರು ಎರಡೂವರೆ ಗಂಟೆ. ಹಾರಾಟಕ್ಕಿಂತ ಬೆಂಗಳೂರಿಗೆ ತಲುಪುವುದೇ ದೀರ್ಘ.

ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳ ಮತ್ತು ಚಿಕ್ಕೋಡಿ ರೋಡ್ ನಿಲ್ದಾಣಗಳು ಮಿರಜ-ಬೆಳಗಾವಿ ರೈಲು ಮಾರ್ಗದಲ್ಲಿವೆ. ರಾತ್ರಿ ಸಂಚರಿಸುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಂಗಳೂರು ತಲುಪಲು ಅನುಕೂಲಕರ. ಯಾವ ನಿಲ್ದಾಣದಲ್ಲಿ ನಿಲುಗಡೆ ಇದೆಯೆಂಬುದನ್ನು 139ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಚಿಕ್ಕೋಡಿ ರೋಡ್ ನಿಲ್ದಾಣವು ಹೆಸರೇ ಸೂಚಿಸುವಂತೆ ಪಟ್ಟಣದಲ್ಲಿಲ್ಲ. ಬಸ್ಸಿನ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಥಣಿ ಮತ್ತು ನಿಪ್ಪಾಣಿಗೆ ರೈಲು ಇಲ್ಲ. ಅಥಣಿಯವರಿಗೆ ಉಗಾರ ಅಥವಾ ಕುಡಚಿ, ನಿಪ್ಪಾಣಿಯವರಿಗೆ ಕೊಲ್ಹಾಪುರ ಅಥವಾ ಬೆಳಗಾವಿ ಸಮೀಪದ ನಿಲ್ದಾಣಗಳು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಉಚಿತ ಪ್ರಯಾಣವಿದೆ; ಮಿರಜ ಅಥವಾ ಕೊಲ್ಹಾಪುರಕ್ಕೆ ಹೋಗುವ ಅಂತರರಾಜ್ಯ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ರೈಲಿನಲ್ಲಿ ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಗಿದೆ.

ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನ ಸೇವೆ ಇದ್ದರೂ, ಬೆಳಗಾವಿ-ಬೆಂಗಳೂರು ಹಾಗೂ ಬೆಂಗಳೂರು-ಶ್ರೀ ವಿಜಯ ಪುರಂ ಎಂದು ಎರಡು ಪ್ರತ್ಯೇಕ ಟಿಕೆಟ್ ಪಡೆದವರು ಒಂದು ಮಾತು ನೆನಪಿಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಪ್ರತ್ಯೇಕ ಟಿಕೆಟ್ ಆದಲ್ಲಿ ಆ ನಷ್ಟ ಪ್ರಯಾಣಿಕರದೇ. ಒಂದೇ ಟಿಕೆಟಿನಲ್ಲಿ ಎರಡೂ ಹಾರಾಟಗಳಿದ್ದರೆ ವಿಮಾನ ಸಂಸ್ಥೆಯೇ ಮುಂದಿನ ವ್ಯವಸ್ಥೆ ಮಾಡಬೇಕಾಗುತ್ತದೆ.

ಚೆನ್ನೈ, ಕೊಲ್ಕತ್ತ ಹಾಗೂ ವಿಶಾಖಪಟ್ಟಣ ಬಂದರುಗಳಿಂದ ಪ್ರಯಾಣಿಕರ ಹಡಗುಗಳೂ ಸಂಚರಿಸುತ್ತವೆ. ಸುಮಾರು 1,200 ಕಿ.ಮೀ. ದೂರದ ಈ ಸಮುದ್ರಯಾನಕ್ಕೆ ಮೂರು ದಿನಗಳವರೆಗೆ ಬೇಕು. ತಿಂಗಳಿಗೆ ಕೆಲವೇ ಯಾನಗಳಿದ್ದು ದಿನಾಂಕಗಳು ಬದಲಾಗುತ್ತಿರುತ್ತವೆ. ಸಮಯವುಳ್ಳವರಿಗೆ, ಸಮುದ್ರವನ್ನೇ ನೋಡಬೇಕೆನ್ನುವವರಿಗೆ ಇದು ಒಳ್ಳೆಯ ಅನುಭವ. ಎಂಟು ದಿನದ ರಜೆ ಪಡೆದವರಿಗೆ ಅಲ್ಲ.

ರಾಜಧಾನಿಯಲ್ಲಿ

ದ್ವೀಪಗಳಲ್ಲಿ ಅನುಸರಿಸುವುದು ಭಾರತೀಯ ಕಾಲಮಾನವನ್ನೇ. ಆದರೆ ಚಿಕ್ಕೋಡಿಗಿಂತ ಸುಮಾರು 18 ಡಿಗ್ರಿ ಪೂರ್ವಕ್ಕಿರುವುದರಿಂದ ಸೂರ್ಯನು ಅಲ್ಲಿ ಒಂದು ಗಂಟೆಗೂ ಹೆಚ್ಚು ಮೊದಲೇ ಉದಯಿಸಿ, ಮೊದಲೇ ಮುಳುಗುತ್ತಾನೆ. ಸಂಜೆ ಆರಕ್ಕೆ ಕತ್ತಲಾಗುವುದೆಂದು ತಿಳಿದು ಬೆಳಿಗ್ಗೆ ಬೇಗ ಹೊರಡುವ ಅಭ್ಯಾಸ ಮಾಡಿಕೊಳ್ಳಬೇಕು. ಹಿಂದಿ ಎಲ್ಲೆಡೆ ನಡೆಯುತ್ತದೆ. ಬಂಗಾಳಿ, ತಮಿಳು, ತೆಲುಗು ಭಾಷಿಕರು ಹೆಚ್ಚಾಗಿದ್ದಾರೆ. ಸಸ್ಯಾಹಾರ ನಗರದಲ್ಲಿ ದೊರೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ವರ್ಜಿಸುವ ಜೈನ ಕುಟುಂಬಗಳು ವಸತಿಗೃಹಕ್ಕೆ ಮುಂಚಿತವಾಗಿ ತಿಳಿಸುವುದು ಮತ್ತು ಸಣ್ಣ ದ್ವೀಪಗಳಿಗೆ ಹೋಗುವಾಗ ಒಣ ತಿಂಡಿಗಳನ್ನು ಜೊತೆಗೊಯ್ಯುವುದು ಒಳ್ಳೆಯದು.

ನಗರದಲ್ಲಿ ಮೊದಲು ನೋಡಬೇಕಾದುದು ಸೆಲ್ಯುಲರ್ ಜೈಲು. ಹಿರಿಯರು ‘ಕರಿನೀರಿನ ಶಿಕ್ಷೆ’ ಎಂದು ಕರೆಯುತ್ತಿದ್ದುದು ಇಲ್ಲಿಗೆ ಕಳುಹಿಸುವುದನ್ನೇ. 1896ರಲ್ಲಿ ಕಟ್ಟಲಾರಂಭಿಸಿ 1906ರಲ್ಲಿ ಪೂರ್ಣಗೊಂಡ ಈ ಕಾರಾಗೃಹಕ್ಕೆ ನಡುವಿನ ಗೋಪುರದಿಂದ ಚಕ್ರದ ಅರಗಳಂತೆ ಹೊರಟ ಏಳು ಸಾಲುಗಳಿದ್ದವು. ಒಂದು ಸಾಲಿನ ಕೋಣೆಗಳ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ ತೆರೆಯುವಂತೆ ನಿರ್ಮಿಸಿದ್ದರಿಂದ ಒಬ್ಬ ಬಂದಿಯು ಇನ್ನೊಬ್ಬನ ಮುಖವನ್ನೂ ನೋಡಲಾಗುತ್ತಿರಲಿಲ್ಲ. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ್ ಸಿಂಗ್, ಮೋಹಿತ್ ಮೊಯಿತ್ರಾ ಮತ್ತು ಮೋಹನ್ ಕಿಶೋರ್ ನಾಮದಾಸ್ ಇಲ್ಲಿ ಪ್ರಾಣ ತೆತ್ತರು. ಈಗ ಉಳಿದಿರುವುದು ಮೂರು ಸಾಲುಗಳು. ಕೆಡವಿದ ಭಾಗದ ಆವರಣದಲ್ಲಿ 1963ರಲ್ಲಿ ಗೋವಿಂದ ಬಲ್ಲಭ ಪಂತ್ ಆಸ್ಪತ್ರೆ ಆರಂಭವಾಯಿತು. ಪ್ರವಾಸದಲ್ಲಿ ಅನಾರೋಗ್ಯವಾದವರು ಹೋಗಬೇಕಾದ ದೊಡ್ಡ ಸರ್ಕಾರಿ ಆಸ್ಪತ್ರೆಯೂ ಅದೇ. 1979ರ ಫೆಬ್ರವರಿ 11ರಂದು ಜೈಲನ್ನು ರಾಷ್ಟ್ರೀಯ ಸ್ಮಾರಕವಾಗಿ ಸಮರ್ಪಿಸಲಾಯಿತು. ಸಂಜೆಯ ಧ್ವನಿ ಬೆಳಕಿನ ಪ್ರದರ್ಶನಕ್ಕೆ ಆಸನಗಳು ಬೇಗ ತುಂಬುತ್ತವೆ. ಕೆಲವು ಸ್ಥಳಗಳಿಗೆ ಸೋಮವಾರ ರಜೆ ಇರುವುದರಿಂದ ಆ ದಿನವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಮೂರು ಮಹಡಿ ಏರಲಾಗದ ವೃದ್ಧರು ಕೆಳಗಿನ ಅಂಗಳ, ಗಲ್ಲುಕೋಣೆ ಹಾಗೂ ಪ್ರದರ್ಶನಾಲಯಗಳನ್ನು ನೋಡಬಹುದು.

ದ್ವೀಪಗಳ ನಡುವಿನ ಸಂಚಾರ

ಸ್ವರಾಜ್ ದ್ವೀಪದ ರಾಧಾನಗರ ಕಡಲತೀರ ನೋಡದೆ ಮರಳುವವರು ಕಡಿಮೆ. ನಮ್ಮ ರಾಜ್ಯದ ಕಾಸರಕೋಡ ಮತ್ತು ಪಡುಬಿದ್ರಿ ತೀರಗಳೊಡನೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಅದು. ಅಲ್ಲಿಗೆ ಸರ್ಕಾರಿ ದೋಣಿಗಳೂ ಖಾಸಗಿ ವೇಗದ ದೋಣಿಗಳೂ ಹೋಗುತ್ತವೆ. ಗಾಳಿ ಹೆಚ್ಚಾದರೆ ಎರಡೂ ನಿಲ್ಲುತ್ತವೆ. 2016ರ ಡಿಸೆಂಬರ್‌ನಲ್ಲಿ ವಾಯುಭಾರ ಕುಸಿತ ಉಂಟಾದಾಗ ಈ ಎರಡು ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿ, ನೌಕಾಪಡೆಯ ಹಡಗುಗಳು ಅವರನ್ನು ಕರೆತರಬೇಕಾಯಿತು. ಆದ ಕಾರಣ ಮರಳುವ ವಿಮಾನದ ಹಿಂದಿನ ಕನಿಷ್ಠ ಒಂದು ರಾತ್ರಿಯನ್ನು, ಸಾಧ್ಯವಿದ್ದಲ್ಲಿ ಎರಡು ರಾತ್ರಿಗಳನ್ನು, ರಾಜಧಾನಿಯಲ್ಲಿಯೇ ಕಳೆಯುವಂತೆ ದಿನಗಳನ್ನು ಹೊಂದಿಸತಕ್ಕದ್ದು. ಬೆಳಿಗ್ಗೆ ಸ್ವರಾಜ್ ದ್ವೀಪ, ಮಧ್ಯಾಹ್ನ ವಿಮಾನ ಎಂಬ ವೇಳಾಪಟ್ಟಿಯನ್ನು ಎಷ್ಟೇ ಅಗ್ಗವಾದರೂ ಒಪ್ಪಬಾರದು.

ದೋಣಿಯಲ್ಲಿ ಜೀವರಕ್ಷಕ ಕವಚ ಧರಿಸದೆ ಕುಳಿತುಕೊಳ್ಳಬಾರದು. 2014ರ ಜನವರಿ 26ರಂದು ರಾಜಧಾನಿಯ ಸಮೀಪ ಸಾಮರ್ಥ್ಯಕ್ಕಿಂತ ಹೆಚ್ಚು ಜನರಿದ್ದ ಪ್ರವಾಸಿ ದೋಣಿಯೊಂದು ಮುಳುಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಕೃಷ್ಣಾ ನದಿಯನ್ನು ದೋಣಿಯಲ್ಲಿ ದಾಟಿ ರೂಢಿಯಿರುವವರಿಗೂ ಸಮುದ್ರ ಬೇರೆಯೇ. ಈಜು ಬರುವುದೆಂದು ಹೇಳುವವರೂ ಕವಚ ಧರಿಸತಕ್ಕದ್ದು. ಕೆಲವು ತೀರಗಳಲ್ಲಿ ಉಪ್ಪುನೀರಿನ ಮೊಸಳೆಗಳಿದ್ದು, ಎಚ್ಚರಿಕೆಯ ಫಲಕವಿರುವಲ್ಲಿ ನೀರಿಗಿಳಿಯುವುದು ನಿಷಿದ್ಧ. ಆಳಸಮುದ್ರದಲ್ಲಿ ಧುಮುಕುವ ಸ್ಕೂಬಾ ಕ್ರೀಡೆಯಲ್ಲಿ ಭಾಗವಹಿಸಿದವರು ಅನಂತರ 24 ಗಂಟೆಗಳವರೆಗೆ ವಿಮಾನ ಏರಬಾರದು.

ವಂಡೂರಿನ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಹವಳದ ದಂಡೆಗಳನ್ನು ನೋಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹವಳಕ್ಕೆ ವಿಶ್ರಾಂತಿ ದೊರೆಯಲೆಂದು ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯಂತೆ ತೆರೆಯಲಾಗುತ್ತದೆ. ತೀರದಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಊರಿಗೆ ತರುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಅಧಿನಿಯಮ 1972ರಂತೆ ಅದು ಅಪರಾಧವಾಗಿದ್ದು, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪತ್ತೆಯಾಗುತ್ತದೆ. ದೇವರ ಮನೆಗೆಂದು ಶಂಖ ಆರಿಸಿಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ನೌಕಾನೆಲೆ, ಬಂದರು ಹಾಗೂ ವಿಮಾನ ನಿಲ್ದಾಣದ ಛಾಯಾಚಿತ್ರ ತೆಗೆಯಬಾರದು.

2020ರ ಆಗಸ್ಟ್ 10ರಂದು ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಸಂಪರ್ಕ ಉದ್ಘಾಟನೆಯಾದ ನಂತರ ರಾಜಧಾನಿಯಲ್ಲಿ ದೂರವಾಣಿ ಮತ್ತು ಅಂತರಜಾಲ ಸುಧಾರಿಸಿವೆ. ಆದರೂ ಸಣ್ಣ ದ್ವೀಪಗಳಲ್ಲಿ ಮೊಬೈಲ್ ಪಾವತಿಯನ್ನೇ ನಂಬಬಾರದು; ಸ್ವಲ್ಪ ನಗದು ಜೊತೆಗಿರಲಿ. ಟಿಕೆಟ್‌ಗಳ ಮುದ್ರಿತ ಪ್ರತಿಯೂ ಇರಲಿ. ಪಾದರಕ್ಷೆಯ ಬಗ್ಗೆ ಒಂದು ಮಾತು: ಅಥಣಿಯ ಚರ್ಮದ ಚಪ್ಪಲಿ ನಗರದಲ್ಲಿ ಓಡಾಡಲು ಸೊಗಸು, ಉಪ್ಪುನೀರಿಗೆ ಮಾತ್ರ ಅಲ್ಲ.

ವಿದೇಶದ ದ್ವೀಪ ರಾಜಧಾನಿಗಳಿಗೆ ಹೋಗುವವರು

ಕೊಲಂಬೊ ಅಥವಾ ಮಾಲೆ ನಗರಕ್ಕೆ ಹೋಗಲಿಚ್ಛಿಸುವವರಿಗೆ ಪಾಸ್‌ಪೋರ್ಟ್ ಕಡ್ಡಾಯ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಥವಾ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಮಯ ಪಡೆಯಬಹುದು. ಪೊಲೀಸ್ ಪರಿಶೀಲನೆಯ ವೇಳೆ ಅರ್ಜಿಯಲ್ಲಿ ತೋರಿಸಿದ ವಿಳಾಸದಲ್ಲಿ ವಾಸವಿರಬೇಕು. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಜನಿಸಿದ ಮಕ್ಕಳಿಗೆ ಜನ್ಮ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣ ಪತ್ರ ಮಾತ್ರ ಅಂಗೀಕೃತ. ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಆರು ತಿಂಗಳಾದರೂ ಉಳಿದಿರಲಿ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಬೇಕು.

ಹಣ ಪಾವತಿ ಮತ್ತು ದೂರು

ಹಳ್ಳಿಗಳಲ್ಲಿ ಇಪ್ಪತ್ತು ಮೂವತ್ತು ಜನ ಸೇರಿ ಒಬ್ಬ ಸಂಘಟಕರಿಗೆ ಮುಂಗಡ ಕೊಡುವ ಪದ್ಧತಿ ಇದೆ. ನಗದಾಗಿ ಕೊಟ್ಟು ರಸೀದಿ ಪಡೆಯದವರಿಗೆ ಅನಂತರ ಪರಿಹಾರ ದೊರಕಿಸುವುದು ಕಷ್ಟ. ಬ್ಯಾಂಕ್ ಮೂಲಕ ಪಾವತಿಸಿ, ವಿಮಾನದ ಟಿಕೆಟ್, ದೋಣಿ, ವಸತಿ, ಊಟ ಯಾವುದು ಸೇರಿದೆ, ಯಾವುದು ಸೇರಿಲ್ಲ, ರದ್ದಾದರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಬರಹದಲ್ಲಿ ಪಡೆಯತಕ್ಕದ್ದು. ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಅದರಲ್ಲಿನ ಸಂಖ್ಯೆಯನ್ನು ವಿಮಾನ ಸಂಸ್ಥೆಯ ಜಾಲತಾಣದಲ್ಲಿ ತಾವೇ ಪರಿಶೀಲಿಸಬೇಕು.

ಸೇವೆಯಲ್ಲಿ ನ್ಯೂನತೆಯಾದಲ್ಲಿ ಮೊದಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಪ್ರಕಾರ, ಸಂಘಟಕರ ಕಚೇರಿ ಯಾವ ಊರಿನಲ್ಲಿಯೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ಈ ಐದು ತಾಲ್ಲೂಕುಗಳವರಿಗೆ ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿಗಳವರೆಗಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷದೊಳಗೆ, ರಸೀದಿ, ಟಿಕೆಟ್ ಮತ್ತು ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಿ ಸಲ್ಲಿಸಬೇಕು. ನಕಲಿ ಟಿಕೆಟ್ ಅಥವಾ ಅಂತರಜಾಲದ ವಂಚನೆಯೆಂದು ತಿಳಿದ ಪಕ್ಷದಲ್ಲಿ ಇಷ್ಟು ಕಾಯದೆ ಅದೇ ಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೂ ಬ್ಯಾಂಕ್ ಖಾತೆಗಳಲ್ಲಿ ಇರುವಾಗಲೇ ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.